ಹುಲಿಗೆಮ್ಮ ಯಾಕೆ ಕಚ್ಚುತ್ತಿದ್ದಳು

ನನ್ನ ಎಡಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಿದೆ. ಮೂರನೇ ತರಗತಿಯ ಇಬ್ಬರ ಜಗಳ ಬಿಡಿಸಲು ಹೋದಾಗ ಬಾಗಿಲ ಸಂದಿಗೆ ಸಿಕ್ಕಿ ಆದದ್ದು. ನೋಡಿದವರು ಎಲ್ಲಿಯಾದರೂ ಬಿದ್ದಿದ್ದಿರೇನು ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ಎಂಟು ವರ್ಷದ ಎರಡು ಮಕ್ಕಳು ಸೇರಿ ಮುರಿದದ್ದು ಎಂದರೆ ಯಾರೂ ನಂಬುವುದಿಲ್ಲ. ಅಷ್ಟು ಸಣ್ಣ ಮೈಯಲ್ಲಿ ಎಷ್ಟು ಸಿಟ್ಟು ಇರಬಹುದೆಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡದವರಿಗೆ ಗೊತ್ತಿಲ್ಲ.

ನಾನು ಮೂವತ್ತೆರಡು ವರ್ಷ ಸರ್ಕಾರಿ ಶಾಲೆಗಳಲ್ಲಿ ಕಲಿಸಿದೆ. ಮೊದಲು ಸಂತೆಕಲ್ಲೂರಿನ ಆಚೆ ಜೋಳ ತೊಗರಿ ಬೆಳೆಯುವ ಒಂದು ಸಣ್ಣ ಊರು. ಆಮೇಲೆ ಬಳಗಾನೂರಿನ ಕಡೆ ಕಾಲುವೆ ನೀರಿನ ಊರು. ಕೊನೆಗೆ ಲಿಂಗಸುಗೂರು. ನಿವೃತ್ತಿಯಾಗಿ ಮೂರು ವರ್ಷವಾಯಿತು. ಈಗಲೂ ಮುಂಜಾನೆ ಹತ್ತು ಗಂಟೆಯಾದರೆ ಮೈಯಲ್ಲಿ ಏನೋ ಚಡಪಡಿಕೆ. ಮನೆಯ ಹಿಂದೆಯೇ ಒಂದು ಶಾಲೆಯಿದೆ. ಬಿಡುವಿನ ಗಂಟೆ ಹೊಡೆದಾಗ ಏಳುವ ಗದ್ದಲದಲ್ಲಿ ಆಟದ ಕೂಗು ಯಾವುದು, ಏಟು ಬಿದ್ದವರ ಕೂಗು ಯಾವುದು ಎಂದು ಕಿವಿ ತಾನಾಗಿಯೇ ಆರಿಸುತ್ತದೆ. ಒಲೆಯ ಮೇಲೆ ಹಾಲಿಟ್ಟಿದ್ದರೂ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಹಾಲು ಎಷ್ಟೋ ಸಲ ಉಕ್ಕಿ ಹೋಗಿದೆ.

ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಮನೆಗೆ ಬರುತ್ತಾರೆ. ಅವರಿಗೆ ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಮಕ್ಕಳು ಆಕ್ರಮಣಕಾರಿಯಾಗುವುದಕ್ಕೆ ಕಾರಣಗಳು ಎಂದು ಒಂದು ಪಾಠವಿದೆ. ಮನೆಯ ಜಗಳ, ಬಡತನ, ಪ್ರೀತಿಯ ಕೊರತೆ, ಅವಮಾನ, ಮೊಬೈಲು ಎಂದು ಸಾಲಾಗಿ ಬರೆದಿದ್ದಾರೆ. ಒಂದೂ ಸುಳ್ಳಲ್ಲ. ಆದರೆ ಒಂದು ಮಗು ಇನ್ನೊಂದರ ಕೂದಲು ಹಿಡಿದು ಎಳೆಯುತ್ತಿರುವಾಗ ಕಾರಣಗಳು ಹಾಗೆ ಸಾಲಾಗಿ ನಿಂತಿರುವುದಿಲ್ಲ. ಕೆಲವೊಮ್ಮೆ ಕಾರಣ ನಮ್ಮ ಬೆನ್ನ ಹಿಂದೆ ಇರುತ್ತದೆ. ಕೆಲವೊಮ್ಮೆ ನಮ್ಮ ಕೈಯಲ್ಲೇ ಇರುತ್ತದೆ. ಅದಕ್ಕೇ ನಾನು ಎಡವಿದ ಕಡೆಗಳನ್ನು ಬರೆಯುತ್ತಿದ್ದೇನೆ. ಎಡವದೆ ನಡೆದ ದಿನಗಳು ಅಷ್ಟಾಗಿ ನೆನಪಿಲ್ಲ.

ಮೊದಲ ಶಾಲೆಯಲ್ಲಿ ಎರಡು ಕೋಣೆ, ಇಬ್ಬರು ಶಿಕ್ಷಕರು. ಹೆಡ್ ಮಾಸ್ತರ್ ಬಸಣ್ಣ ಸರ್ ಮತ್ತು ನಾನು. ಸೇರಿದ ವಾರದಲ್ಲೇ ಬಸಣ್ಣ ಸರ್ ಹಸಿ ಬೇವಿನ ಬರಲೊಂದನ್ನು, ಬಳುಕುವ ಸಣ್ಣ ಕೋಲನ್ನು, ನನ್ನ ಮೇಜಿನ ಮೇಲೆ ತಂದಿಟ್ಟರು.

"ನಿಮ್ಮ ದನಿ ಸಣ್ಣದೈತಿ ಮೇಡಂ. ಮಕ್ಕಳು ದನಿಗೆ ಅಂಜಂಗಿಲ್ಲ, ಇದಕ್ಕ ಅಂಜ್ತಾವ."

ಮೂರನೇ ತರಗತಿಯಲ್ಲಿ ಯಮನೂರ ಎಂಬ ಹುಡುಗನಿದ್ದ. ಪಾಟಿಯಿಂದಲೇ ಹೊಡೆಯುತ್ತಿದ್ದ. ಪಾಟಿಯ ಕಟ್ಟಿಗೆಯ ಅಂಚು ತಾಗಿ ಒಬ್ಬನ ಹುಬ್ಬು ಒಡೆದಿತ್ತು. ದಿನಕ್ಕೆ ಎರಡು ಏಟು ಅವನಿಗೆ ಕಾಯಂ. ಅಂಗೈ ಮುಂದೆ ಮಾಡಿಸಿ ಕೊಡುತ್ತಿದ್ದೆ. ಅವನ ಮನೆಯವರು ಕುರಿ ಕಾಯುವವರು. ತಾಯಿ ತಂದೆ ಕುರಿಯ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟಿರುತ್ತಿದ್ದರು. ಅಜ್ಜಿಯ ಹತ್ತಿರ ಇವನೊಬ್ಬ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಏಟು ನಿಲ್ಲಿಸಿರಲಿಲ್ಲ.

ಒಂದು ದಿನ ಶಾಲೆ ಬಿಟ್ಟ ಮೇಲೆ ಅರ್ಧ ದಾರಿಗೆ ಹೋದವಳು ಊಟದ ಡಬ್ಬಿ ಮರೆತಿದ್ದೇನೆಂದು ಹೊಳ್ಳಿ ಬಂದೆ. ಗಿಡದ ಕೆಳಗೆ ಏಳೆಂಟು ಮಕ್ಕಳು ಸಾಲಿ ಆಟ ಆಡುತ್ತಿದ್ದರು. ಯಮನೂರ ಹೆಗಲ ಮೇಲೆ ಟವೆಲ್ಲನ್ನು ಸೆರಗಿನ ಹಾಗೆ ಹಾಕಿಕೊಂಡು ಟೀಚರ್ ಆಗಿದ್ದ. ದನಿ ಸಣ್ಣಗೆ ಮಾಡಿಕೊಂಡಿದ್ದ. ಅದು ನನ್ನ ದನಿ.

"ಎಷ್ಟು ಸಲ ಹೇಳಬೇಕು ನಿನಗ? ಕೈ ಮುಂದ ಮಾಡು."

ಸಾಲಿನ ಮಕ್ಕಳಿಗೆಲ್ಲ ನಿಜವಾಗಿಯೇ ಹೊಡೆದ. ಮೊದಲು ನಗುತ್ತಿದ್ದ ಒಂದು ಸಣ್ಣ ಹುಡುಗಿ ಅತ್ತಳು. "ಅಳಬ್ಯಾಡ, ಮೂಗು ಒರಸ್ಕೊಂಡು ಹೋಗಿ ಕುಂದ್ರು" ಎಂದ. ಅದೂ ನನ್ನದೇ ಮಾತು. ನಾನು ಗೋಡೆಯ ಮರೆಯಲ್ಲಿ ನಿಂತಿದ್ದೆ. ಎಲ್ಲರದೂ ಮುಗಿದ ಮೇಲೆ ಅವನು, "ಈಗ ಯಮನೂರನ ಪಾಳಿ" ಎಂದ. ತನ್ನ ಎಡಗೈ ಚಾಚಿ ಬಲಗೈಯಿಂದ ತನಗೇ ಎರಡು ಏಟು ಹೊಡೆದುಕೊಂಡ. ಮೆಲ್ಲಗಲ್ಲ. ಆಮೇಲೆ ಕೈಯನ್ನು ತೊಡೆಗೆ ಒರೆಸಿಕೊಂಡು ಮತ್ತೆ ಟೀಚರ್ ಆದ.

ಡಬ್ಬಿ ತೆಗೆದುಕೊಳ್ಳದೆ ಹೋದೆ. ಮರುದಿನ ಆ ಬರಲನ್ನು ಮುರಿದು ಎಸೆದೆ. ಇಲ್ಲಿಗೆ ನಾನು ಬದಲಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಎಂಟು ದಿನ ಬರಿಗೈಯಲ್ಲಿ ತರಗತಿ ನಡೆಸಿದೆ. ಗದ್ದಲ ತಡೆಯಲಾರದೆ ಒಂಬತ್ತನೇ ದಿನ ಮತ್ತೆ ಹಿಡಿದೆ. ಹೊಸ ಬರಲನ್ನು ತರಲು ಕಳಿಸಿದ್ದು ಯಮನೂರನನ್ನೇ. ಅವನು ಆರಿಸಿ ಒಳ್ಳೆಯದನ್ನೇ ತಂದುಕೊಟ್ಟ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ತಿಂಗಳು ಅವನು ಯಾರನ್ನೂ ಮುಟ್ಟಲಿಲ್ಲ. ನನ್ನ ಶಿಸ್ತು ಫಲ ಕೊಟ್ಟಿತೆಂದು ಬಸಣ್ಣ ಸರ್ ಎದುರಿಗೆ ಹೇಳಿಕೊಂಡೆ. ಅವರು ಎಲಿ ಅಡಿಕಿ ಹಾಕಿಕೊಳ್ಳುತ್ತ, "ಅವರವ್ವ ಬಂದಾಳ್ರಿ ಮೇಡಂ. ಕುರಿ ಈ ಕಡಿ ಬಂದಾವ" ಎಂದರು. ನನಗೆ ಬರಲನ್ನು ಕೊಟ್ಟ ಮನುಷ್ಯನೇ ನಾನು ಕಾಣದ್ದನ್ನು ಕಂಡಿದ್ದ. ಮೇಲಿನವರ ಬಗ್ಗೆ ಒಂದೇ ಸಲಕ್ಕೆ ತೀರ್ಮಾನ ಮಾಡಬಾರದೆಂದು ಅವತ್ತೇ ಕಲಿತೆ.

ಕೆಲವು ವರ್ಷಗಳ ಮೇಲೆ ಮಕ್ಕಳನ್ನು ಹೊಡೆಯಬಾರದೆಂದು ಆದೇಶ ಬಂತು. ಮೇಜಿನ ಮೇಲಿಂದ ಕೋಲುಗಳು ಹೋದವು. ನಮ್ಮ ಕೈ ಸುಮ್ಮನಾದಷ್ಟೂ ನಾಲಿಗೆ ಹರಿತವಾಯಿತು. ನಿಮ್ಮಪ್ಪನಂಗ ಆಗತೀ, ದನ ಕಾಯಾಕ ಹೋಗು, ನಿಮ್ಮ ಮನ್ಯಾಗ ಇದನ್ನ ಕಲಿಸ್ಯಾರೇನು ಎಂಬ ಮಾತುಗಳು ನನ್ನ ಬಾಯಿಂದಲೂ ಬಂದಿವೆ. ಕೋಲಿನ ಏಟು ತಿಂದ ಮಗು ಸಂಜೆಗೆ ಆಡುತ್ತಿತ್ತು. ಇಂಥ ಮಾತು ಕೇಳಿದ ಮಗು ನಾಲ್ಕು ದಿನ ಬಿಟ್ಟು ಯಾರನ್ನೋ ದೂಡಿ ಬೀಳಿಸುತ್ತಿತ್ತು. ಎರಡಕ್ಕೂ ಸಂಬಂಧವಿದೆ ಎಂದು ನಮಗೆ ಹೊಳೆಯುತ್ತಿರಲಿಲ್ಲ.

ಹೀಗಿದ್ದಾಗ ನಾನು ಕಾಲುವೆ ಕಡೆಯ ಊರಿಗೆ ಹೋದೆ. ಸುತ್ತ ಭತ್ತದ ಗದ್ದೆ. ಏಳು ಮಂದಿ ಶಿಕ್ಷಕರ ದೊಡ್ಡ ಶಾಲೆ. ಹೆಡ್ ಮಾಸ್ತರ್ ವೆಂಕೋಬ ಸರ್ ಜಗಳಕ್ಕೆ ಅಂಜುವ ಮನುಷ್ಯ. ಊರವರ ಜೊತೆ, ಆಫೀಸಿನ ಜೊತೆ, ಹೆಂಡತಿಯ ಜೊತೆಗೂ ತಕರಾರು ಬೇಡ ಎನ್ನುವವರು. ನಾಲ್ಕನೇ ತರಗತಿ ನನಗೆ ಕೊಟ್ಟರು. ಹುಲಿಗೆಮ್ಮ ಅದರಲ್ಲಿದ್ದಳು.

ಸಣಕಲು ಹುಡುಗಿ. ಲೆಕ್ಕದಲ್ಲಿ ಚುರುಕು. ಜುಲೈ ಕೊನೆಯಿಂದ ಕಚ್ಚಲು ಶುರು ಮಾಡಿದಳು. ಕಚ್ಚಿದರೆ ಹಲ್ಲಿನ ಗುರುತು ಸಾಲಾಗಿ ಮೂಡುತ್ತಿತ್ತು. ಹೆಚ್ಚಾಗಿ ಕಚ್ಚಿಸಿಕೊಳ್ಳುತ್ತಿದ್ದವಳು ಸುನೀತಾ. ಅವಳ ತಂದೆ ಶರಣಪ್ಪ ಶಾಲಾ ಸಮಿತಿಯ ಅಧ್ಯಕ್ಷ, ಹತ್ತು ಎಕರೆ ಗದ್ದೆಯವರು.

"ಯಾಕ ಕಚ್ಚಿದಿ?"

"ಸುಮ್ಮ ರೀ ಟೀಚರ್."

"ಸುಮ್ಮಸುಮ್ಮನ ಯಾರರ ಕಚ್ತಾರೇನು?"

ನೆಲ ನೋಡುತ್ತ ನಿಲ್ಲುತ್ತಿದ್ದಳು. ಬಾಗಿಲ ಹತ್ತಿರ ಒಬ್ಬಳನ್ನೇ ಕೂಡಿಸಿದೆ. ಎಲ್ಲರ ಎದುರಿಗೆ ತಪ್ಪಾಯಿತು ಎಂದು ಹೇಳಿಸಿದೆ. ಹೇಳಿದಳು. ಮತ್ತೆ ಕಚ್ಚಿದಳು. ಅವಳ ತಾಯಿ ದುರುಗಮ್ಮನನ್ನು ಕರೆಸಿದೆ. ಗದ್ದೆಯಿಂದ ನೇರವಾಗಿ ಬಂದಳು, ಮೊಣಕಾಲವರೆಗೆ ಕೆಸರು. ನಾನು ಎರಡು ಮಾತು ಹೇಳುವುದರೊಳಗೆ ಮಗಳ ಬೆನ್ನಿಗೆ ದಬದಬ ಗುದ್ದಿದಳು.

"ಅನ್ನ ತಿಂತೀಯೋ ಮಂದಿ ಕೈ ತಿಂತೀಯೋ? ನಡಿ, ಸಾಲಿ ಸಾಕು. ನನ್ನ ಜೋಡಿ ನಾಟಿ ಹಚ್ಚಾಕ ಬಾ."

ಹುಲಿಗೆಮ್ಮ ಅಳಲಿಲ್ಲ. ಗೋಡೆ ಹಿಡಿದುಕೊಂಡು ನಿಂತಿದ್ದಳು. ದುರುಗಮ್ಮ ಹೋಗುವಾಗ ನನ್ನ ಕಡೆ ತಿರುಗಿ, "ಮನ್ಯಾಗ ಸಣ್ಣ ತಮ್ಮಗ ಉಗುರು ಸೈತ ಹಚ್ಚಂಗಿಲ್ಲ ಮೇಡಂ ರೀ. ಇಲ್ಲಿ ಏನಾಗ್ತೈತೋ ಅಕಿಗೆ" ಎಂದಳು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅದೇ ಹೊತ್ತಿಗೆ ಲಿಂಗಸುಗೂರಿನಲ್ಲಿ ಮೂರು ದಿನದ ತರಬೇತಿ ಆಗಿತ್ತು. ಅಲ್ಲಿ ಹೇಳಿದ ಕಾರಣಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಹುಲಿಗೆಮ್ಮನಿಗೆ ಯಾವುದು ಹೊಂದುತ್ತದೆ ಎಂದು ಗುರುತು ಹಾಕುತ್ತ ಹೋದೆ. ತಂದೆ ಕುಡಿಯುತ್ತಾನೆ, ಹೌದು. ತಾಯಿಗೆ ಪುರುಸೊತ್ತಿಲ್ಲ, ಹೌದು. ಮನೆಯಲ್ಲಿ ಏಟು, ಹೌದು. ಬಡತನ, ಹೌದು. ಎಲ್ಲವೂ ಹೊಂದಿದವು. ನನಗೆ ಸಮಾಧಾನವೂ ಆಯಿತು. ಅವಳ ಹಲ್ಲಿಗೆ ಕಾರಣ ಅವಳ ಮನೆಯಲ್ಲಿದೆ, ನನ್ನ ತರಗತಿಯಲ್ಲಿಲ್ಲ. ಆಮೇಲೆ ಹಾಜರಿ ಕೂಗುವಾಗ ಗೊತ್ತಾಯಿತು, ಅವೇ ಗುರುತುಗಳನ್ನು ಇನ್ನೂ ಹದಿನೈದು ಮಕ್ಕಳಿಗೆ ಹಾಕಬಹುದಿತ್ತು. ಅವರು ಯಾರನ್ನೂ ಕಚ್ಚುತ್ತಿರಲಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಶರಣಪ್ಪ ಶಾಲೆಗೆ ಬಂದು ಕೂಗಾಡಿದ. ವೆಂಕೋಬ ಸರ್ ನನ್ನನ್ನು ಒಳಗೆ ಕರೆದರು.

"ಶನಿವಾರದೊಳಗ ಇದು ಮುಗೀಬೇಕು ಮೇಡಂ. ಅಕಿಗೆ ಟಿ.ಸಿ. ಬರದು ಕೊಟ್ಟು ಬಿಡೋಣು. ಪಕ್ಕದ ಊರಾಗ ಸಾಲಿ ಐತಲ್ಲ."

"ಆತ್ರಿ ಸರ್" ಎಂದೆ. ಇದನ್ನು ನಾನು ಮರೆಮಾಚುವುದಿಲ್ಲ. ಆತ್ರಿ ಎಂದೆ.

ಆದರೆ ಟಿ.ಸಿ. ಜೊತೆಗೆ ಏನೇನಾಯಿತು ಎಂಬ ಒಂದು ಹಾಳೆ ಬರೆಯಬೇಕಿತ್ತು. ಯಾವ ದಿನ, ಯಾವ ಹೊತ್ತು, ಯಾರಿಗೆ, ಎಲ್ಲಿ. ಬುಧವಾರ ಸಂಜೆ ಕೂತು ಮಕ್ಕಳನ್ನು ಕೇಳಿ ಕೇಳಿ ಬರೆದೆ. ಬರೆದು ಮುಗಿಸಿ ಮೊದಲಿನಿಂದ ಓದಿದೆ. ಎಲ್ಲವೂ ಬಿಸಿಯೂಟ ಆದ ಮೇಲೆ ನಡೆದದ್ದು. ಕಚ್ಚಿದ್ದು ಪ್ರತಿ ಸಲ ಬಲಗೈ. ಒಂದೇ ಒಂದು ಸಲ ಸುನೀತಾ ಬದಲು ಗಂಗಮ್ಮ ಎಂಬ ಹುಡುಗಿಯನ್ನು ಕಚ್ಚಿದ್ದಳು. ಹಾಜರಿ ನೋಡಿದೆ. ಅವತ್ತು ಸುನೀತಾ ಶಾಲೆಗೆ ಬಂದಿರಲಿಲ್ಲ.

ಗುರುವಾರ ಊಟದ ಹೊತ್ತಿಗೆ ನಾನು ಆಫೀಸ್ ಕೋಣೆಗೆ ಹೋಗಲಿಲ್ಲ. ಅಕ್ಕಿ ಬೇಳೆ ಇಡುವ ಕೋಣೆಯ ಕಿಟಕಿಯಲ್ಲಿ ನಿಂತೆ. ಅಲ್ಲಿಂದ ನೀರಿನ ಡ್ರಮ್ಮು ಕಾಣುತ್ತಿತ್ತು. ಡ್ರಮ್ಮಿನ ಹತ್ತಿರ ನೂಕಾಟ ಆಗುತ್ತದೆಂದು ಜುಲೈನಲ್ಲಿ ನಾನೇ ಒಂದು ವ್ಯವಸ್ಥೆ ಮಾಡಿದ್ದೆ. ಸುನೀತಾ ನೀರಿನ ಲೀಡರ್, ಅವಳು ಬಾರದ ದಿನ ಗಂಗಮ್ಮ. ಎಲ್ಲರೂ ಸಾಲಾಗಿ ಬರಬೇಕು, ಅವಳು ಜಗ್ಗಿನಿಂದ ಗ್ಲಾಸಿಗೆ ಹಾಕಿ ಕೊಡಬೇಕು. ನೂಕಾಟ ನಿಂತಿತ್ತು. ನನ್ನ ವ್ಯವಸ್ಥೆಯನ್ನು ವೆಂಕೋಬ ಸರ್ ಹೊಗಳಿದ್ದರು.

ಸಾಲು ಮುಂದೆ ಸಾಗಿತು. ಗ್ಲಾಸು, ನೀರು. ಗ್ಲಾಸು, ನೀರು. ನಾಲ್ಕು ಮಕ್ಕಳು ಬಂದಾಗ ಮಾತ್ರ ಸುನೀತಾ ಗ್ಲಾಸು ಕೊಡಲಿಲ್ಲ. "ಕೈ ಹಿಡಿ" ಎಂದಳು. ಅವರು ಬೊಗಸೆ ಹಿಡಿದು ಬಗ್ಗಿದರು. ಜಗ್ಗನ್ನು ಎತ್ತರಕ್ಕೆ ಎತ್ತಿ, ತಾಗದ ಹಾಗೆ, ಮೇಲಿಂದ ಹಾಕಿದಳು. ಮೂರು ಮಕ್ಕಳು ಕುಡಿದು ಹೋದರು. ನಾಲ್ಕನೆಯವಳು ಹುಲಿಗೆಮ್ಮ. ಬೊಗಸೆಯ ನೀರು ಮೊಣಕೈವರೆಗೆ ಹರಿದು ಲಂಗ ಒದ್ದೆಯಾಯಿತು. ತಲೆಯೆತ್ತಿ ಆ ಬಲಗೈಯನ್ನೇ ನೋಡುತ್ತಿದ್ದಳು. ಗದ್ದಲವಿಲ್ಲ, ಬೈಗುಳವಿಲ್ಲ. ಮಕ್ಕಳು ಯಾರೂ ಇದನ್ನು ನನಗೆ ಹೇಳಿರಲಿಲ್ಲ, ಯಾಕೆಂದರೆ ಹೇಳುವಂಥದ್ದು ಏನಾದರೂ ನಡೆಯುತ್ತಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ನನ್ನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮದು ಬೌದ್ಧ ಮನೆತನ. ಅಜ್ಜನ ಕಾಲದಲ್ಲಿ ಊರ ಹೊರಗಿನ ಕೇರಿ. ಅಪ್ಪನಿಗೆ ಲಿಂಗಸುಗೂರಿನಲ್ಲಿ ಸರ್ಕಾರಿ ಕೆಲಸ ಸಿಕ್ಕ ಮೇಲೆ ಕೇರಿ ಬಿಟ್ಟೆವು. ಅದಕ್ಕೂ ಮುಂಚೆ ಎರಡು ವರ್ಷ ನಾನು ಅಮ್ಮನ ತವರೂರಿನ ಶಾಲೆಯಲ್ಲಿ ಓದಿದೆ. ಅಲ್ಲಿ ನನಗೂ ಹೀಗೇ ನೀರು ಹಾಕುತ್ತಿದ್ದರು. ನಾನು ಯಾರನ್ನೂ ಕಚ್ಚಲಿಲ್ಲ. ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ. ಮುಂಜಾನೆಯಿಂದ ಸಂಜೆವರೆಗೆ ನಾಲಿಗೆ ಒಣಗಿಸಿಕೊಂಡು ಕೂತಿರುತ್ತಿದ್ದೆ. ಮಾಸ್ತರರು ನನ್ನನ್ನು ಭಾಳ ಶಾಣ್ಯಾ ಹುಡುಗಿ, ಗಲಾಟಿ ಅಂದ್ರ ಗೊತ್ತಿಲ್ಲ ಎನ್ನುತ್ತಿದ್ದರು. ಟೀಚರ್ ಆದ ಮೇಲೂ ಮನೆಯಿಂದ ಬಾಟಲಿ ತಂದು ಅದರಲ್ಲೇ ಕುಡಿಯುತ್ತಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಡ್ರಮ್ಮಿನ ಕಡೆ ಹೋಗುವ ಪ್ರಸಂಗವೇ ಇರಲಿಲ್ಲ. ಎಲ್ಲರಿಗಿಂತ ಮೊದಲು ನಾನು ಕಾಣಬೇಕಿದ್ದುದನ್ನು ನಾನೇ ಕಂಡಿರಲಿಲ್ಲ.

ಆ ಕಿಟಕಿಯಿಂದ ಡ್ರಮ್ಮಿನವರೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಸುನೀತಾಳ ಎರಡೂ ಭುಜ ಹಿಡಿದು ಅಲುಗಾಡಿಸಿದೆ.

"ನಾಚಿಕಿ ಬರಂಗಿಲ್ಲೇನು ನಿನಗ? ಅಕಿ ಮನಷ್ಯಾಳಲ್ಲೇನು? ಇಷ್ಟು ಸಣ್ಣಾಕಿಗೆ ಇಷ್ಟು ಸೊಕ್ಕೇನು?"

ಜಗ್ಗು ಕೆಳಗೆ ಬಿತ್ತು. ಸುನೀತಾಳ ಲಂಗ ಒದ್ದೆಯಾಯಿತು, ಜಗ್ಗಿನ ನೀರಿಗೋ ಅಂಜಿಕೆಗೋ. ಒಂಬತ್ತು ವರ್ಷದ ಮಗು. ನನ್ನ ಬೆರಳುಗಳು ಅವಳ ಭುಜದಲ್ಲಿ ಊರಿದ್ದವು. ಉಳಿದ ಮಕ್ಕಳೆಲ್ಲ ತಟ್ಟೆ ಹಿಡಿದು ನಿಂತಿದ್ದರು. ಹುಲಿಗೆಮ್ಮನೂ ನಿಂತಿದ್ದಳು. ಅವಳ ಮುಖದಲ್ಲಿ ಖುಷಿಯಿರಲಿಲ್ಲ. ನನ್ನನ್ನು ನೋಡಿ ಅಂಜಿದ್ದಳು. ಅವತ್ತು ಆ ಶಾಲೆಯಲ್ಲಿ ಎಲ್ಲರಿಗಿಂತ ಆಕ್ರಮಣಕಾರಿಯಾಗಿದ್ದವಳು ನಾನು. ನನ್ನ ಸಿಟ್ಟು ಮೂವತ್ತು ವರ್ಷದ ಹಿಂದಿನದು. ಅದನ್ನು ಕೂಸಿನ ಮೇಲೆ ತೀರಿಸಿಕೊಂಡೆ.

ಶುಕ್ರವಾರ ಸಭೆ ಸೇರಿತು. ಶರಣಪ್ಪ ಕುರ್ಚಿಯಲ್ಲಿ ಕೂರಲೇ ಇಲ್ಲ.

"ಕಚ್ಚಿದಾಕಿನ್ನ ಬಿಟ್ಟು ಕಚ್ಚಿಸಿಕೊಂಡಾಕಿನ್ನ ಬೈತೀರಿ? ರಾತ್ರೆಲ್ಲಾ ಜ್ವರ ಬಂದಾವ ನನ್ನ ಮಗಳಿಗೆ. ಮನ್ಯಾಗ ನೋಡಿದ್ದು ಮಾಡ್ಯಾಳ, ಅದರಾಗ ಅಕಿ ತಪ್ಪೇನೈತಿ?" ಆಮೇಲೆ ನನ್ನ ಮುಖ ನೋಡದೆ ಅಂದ: "ನೀವು ನಿಮ್ಮ ಮಂದಿ ಕಡಿ ಮಾತಾಡಾಕತ್ತೀರಿ."

ಆ ಶಾಲೆಯಲ್ಲಿ ಯಾರೂ ಆವರೆಗೆ ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ವೆಂಕೋಬ ಸರ್ ಕ್ಯಾಲೆಂಡರ್ ನೋಡುತ್ತಿದ್ದರು. ನಾನೇ ಹೇಳಿದೆ.

"ಹೌದ್ರಿ, ನಾ ಅವರ ಮಂದೀನ. ನಿಮ್ಮ ಮಗಳಿಗೆ ಹಂಗ ಬೈದದ್ದು ನನ್ನ ತಪ್ಪು. ಜಗ್ಗು ಅಕಿ ಕೈಯಾಗ ಕೊಟ್ಟಾಕಿ ನಾನು, ಅದೂ ನನ್ನ ತಪ್ಪು. ಆದ್ರ ಹುಲಿಗೆಮ್ಮಗ ಟಿ.ಸಿ. ಕೊಟ್ರ, ಯಾಕ ಕೊಟ್ವಿ ಅಂತ ನಾ ಮ್ಯಾಲಿನ ಆಫೀಸಿಗೆ ಬರದೇ ಬರೀತೀನಿ."

ವೆಂಕೋಬ ಸರ್ ಚಹಾ ತರಿಸಿದರು. ತೀರ್ಮಾನ ಸೋಮವಾರಕ್ಕೆ ಹೋಯಿತು.

ಸಭೆಯ ಸುದ್ದಿ ಊರಲ್ಲಿ ಹರಡಿತು. ಸಂಜೆ ದುರುಗಮ್ಮ ಬಸ್ ಸ್ಟಾಪಿಗೆ ಬಂದು ನನ್ನನ್ನು ತಡೆದಳು. ಕೃತಜ್ಞತೆ ಹೇಳಲು ಬಂದಿದ್ದಾಳೆಂದುಕೊಂಡೆ.

"ನಮ್ಮನ್ನ ಮುಂದ ಮಾಡಬ್ಯಾಡ್ರಿ ಮೇಡಂ. ನಿಮಗ ಪಗಾರ ಬರ್ತೈತಿ, ಸಂಜಿಗೆ ಬಸ್ ಹತ್ತಿ ಹೊಕ್ಕೀರಿ. ನಾ ನಾಳೆ ಅವರ ಗದ್ದ್ಯಾಗ ನಿಂದ್ರಬೇಕು."

"ಹಂಗಂದ್ರ ನಿನ್ನ ಮಗಳು ಬೊಗಸಿ ಹಿಡಕೊಂಡ ಇರ್ಲೇನು?"

ನನ್ನ ಬಸ್ಸು ದೂರದಲ್ಲಿ ಕಂಡಾಗ ಹೇಳಿದಳು: "ಬ್ಯಾಡ್ರಿ. ಹಂಗೂ ಇರಬಾರದು. ನೀವ ಏನರ ಮಾಡ್ರಿ, ನನ್ನ ಹೆಸರು ತರಬ್ಯಾಡ್ರಿ."

ಮೇಲಕ್ಕೆ ದೂರು ಬರೆಯಬೇಕಿತ್ತೇ? ಕಾನೂನು ನನ್ನ ಕಡೆಯಿತ್ತು. ಬರೆಯಲಿಲ್ಲ. ಆ ಪ್ರಶ್ನೆಗೆ ಇವತ್ತಿಗೂ ಒಂದು ದಿನ ಹೌದು ಎಂದು, ಒಂದು ದಿನ ಇಲ್ಲ ಎಂದು ಉತ್ತರ ಬರುತ್ತದೆ.

ಸೋಮವಾರ ಶಾಲೆಗೆ ಹೋದರೆ ಡ್ರಮ್ಮು ಇರಲಿಲ್ಲ. ವೆಂಕೋಬ ಸರ್ ಭಾನುವಾರ ಮೇಸ್ತ್ರಿಯನ್ನು ಕರೆಸಿ ಗೋಡೆಗೆ ಆರು ನಲ್ಲಿ ಹಾಕಿಸಿದ್ದರು. ಯಾರು ಬೇಕಾದರೂ ತಿರುಗಿಸಿ ಕುಡಿಯಬಹುದು. ಶರಣಪ್ಪ ಕೇಳಿದ್ದಕ್ಕೆ, "ಜಗ್ಗಿನಿಂದ ನೀರು ಭಾಳ ಚೆಲ್ತಿತ್ತು ರೀ" ಎಂದರಂತೆ. ಟಿ.ಸಿ. ಮಾತು ಎತ್ತಲೇ ಇಲ್ಲ. ಅವರ ಅಂಜಿಕೆಯ ಸ್ವಭಾವಕ್ಕೆ ನಾನು ಎಷ್ಟೋ ಸಲ ರೇಗಿದ್ದೆ. ನನ್ನ ಧೈರ್ಯ ಎರಡು ಮಕ್ಕಳನ್ನು ಅಂಜಿಸಿತ್ತು, ಅವರ ಅಂಜಿಕೆ ಆರು ನಲ್ಲಿ ಹಾಕಿಸಿತ್ತು.

ಕೆಲವು ಮಕ್ಕಳು ಬಹಳ ದಿನ ನಲ್ಲಿಯನ್ನು ತೊಳೆದೇ ಕುಡಿಯುತ್ತಿದ್ದರು. ನಾನು ದಿನಾ ಅಲ್ಲೇ ನಿಂತು, ಬಾಟಲಿ ಬಿಟ್ಟು, ಬೇರೆ ಬೇರೆ ನಲ್ಲಿಯಲ್ಲಿ ಕುಡಿದೆ. ಯಾವುದನ್ನು ತೊಳೆಯಬೇಕೆಂದು ಅವರಿಗೆ ಲೆಕ್ಕ ಸಿಗದಾಯಿತು. ಹುಲಿಗೆಮ್ಮ ತಕ್ಷಣ ಕಚ್ಚುವುದನ್ನು ಬಿಟ್ಟಳೆಂದಲ್ಲ. ಇನ್ನೂ ಎರಡು ಸಲ ಕಚ್ಚಿದಳು. ಒಂದು ಸಲ ಯಾರೋ ಅವರಪ್ಪನ ಕುಡಿತದ ಮಾತೆತ್ತಿದ್ದರು. ಇನ್ನೊಂದು ಸಲ ಯಾಕೆಂದು ಗೊತ್ತಾಗಲಿಲ್ಲ. ಆಮೇಲೆ ನಿಂತಿತು. ಐದನೇ ತರಗತಿಗೆ ಹೋದಾಗ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಮುಂದೆ ಸಿಂಧನೂರಿನ ಹಾಸ್ಟೆಲ್ಲಿನಲ್ಲಿದ್ದು ಓದಿ ನರ್ಸ್ ಆದಳು. ಒಂದು ಸಲ ದವಾಖಾನೆಯಲ್ಲಿ ಸಿಕ್ಕಿದ್ದಳು. ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, "ನಾ ಭಾಳ ಕಚ್ಚತಿದ್ನಲ್ರಿ ಟೀಚರ್?" ಎಂದು ನಕ್ಕಳು. ನೀರಿನ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಬಿ.ಪಿ. ಜಾಸ್ತಿ ಬಂತು. ಮತ್ತೊಮ್ಮೆ ನೋಡಿದಳು.

ಲಿಂಗಸುಗೂರಿಗೆ ಬಂದ ಮೇಲೆ ನನ್ನ ಕೆಲಸದ ರೀತಿ ಬದಲಾಗಿತ್ತು. 'ಯಾಕ ಹೊಡದಿ' ಎಂದು ಕೇಳುವುದನ್ನು ಬಿಟ್ಟಿದ್ದೆ. ಆ ಪ್ರಶ್ನೆಗೆ ಮಕ್ಕಳ ಹತ್ತಿರ ಉತ್ತರ ಇರುವುದಿಲ್ಲ. 'ಹೊಡಿಯೂಕಿಂತ ಮೊದಲ ಏನಾತು' ಎಂದು ಕೇಳುತ್ತಿದ್ದೆ. ಅದಕ್ಕೆ ಉತ್ತರ ಬರುತ್ತದೆ, ನಿಧಾನಕ್ಕೆ. ಹಾಗೆಯೇ ಹೊಡೆಯುವ ಮಕ್ಕಳ ಜೊತೆಗೆ ಏನೂ ಮಾಡದೆ ಸುಮ್ಮನೆ ಕೂರುವ ಮಕ್ಕಳನ್ನೂ ನೋಡತೊಡಗಿದೆ.

ಅಲ್ಲಿ ಎರಡನೇ ತರಗತಿಯಲ್ಲಿ ಆನಂದ ಎಂಬ ಹುಡುಗ ಸಣ್ಣ ಮಾತಿಗೂ ಮುಷ್ಟಿ ಎತ್ತುತ್ತಿದ್ದ. ತಂದೆ ಆಫೀಸಿನಲ್ಲಿ ಕ್ಲಾರ್ಕ್, ನಮ್ಮವರೇ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮನೆ, ಜಗಳವಿಲ್ಲ, ಕುಡಿತವಿಲ್ಲ. ತಂದೆಯನ್ನು ಕರೆಸಿ ಮಾತಾಡಿದೆ. ಅವನು ಮುಚ್ಚಿಡಲಿಲ್ಲ.

"ಹೊಡಸ್ಕೊಂಡು ಮನಿಗೆ ಬರಬ್ಯಾಡ ಅಂತ ನಾನ ಹೇಳೀನಿ ಮೇಡಂ. ನಾವು ಸುಮ್ಮ ಕುಂತು ಬೆಳದೀವಿ. ನೀವೂ ಹಂಗ ಬೆಳದೀರಿ. ಏನು ಸಿಕ್ಕಿತು?"

ನಾಲಿಗೆ ಒಣಗಿಸಿಕೊಂಡು ಕೂತ ಹುಡುಗಿಗೆ ಏನು ಸಿಕ್ಕಿತೆಂದು ಹೇಳಲಿ? ಕೊನೆಗೆ ಇಷ್ಟು ಕೇಳಿಕೊಂಡೆ: "ಸುಮ್ಮ ಇರು ಅಂತ ಹೇಳಬ್ಯಾಡ್ರಿ. ಮೊದಲು ಟೀಚರಿಗೆ ಹೇಳು ಅನ್ರಿ. ನಾ ಅವತ್ತಿಂದ ಅವತ್ತ ವಿಚಾರಸ್ತೀನಿ. ನಾ ತಪ್ಪಿದ್ರ ನೀವು ನನ್ನ ಕೇಳ್ರಿ."

ಒಪ್ಪಿದ. ಮರುದಿನದಿಂದ ಆನಂದ ದಿನಕ್ಕೆ ಹತ್ತು ಸಲ ಬಂದು ನನ್ನ ಸೆರಗು ಎಳೆದ. ಪೆನ್ಸಿಲ್ ಮುಟ್ಟಿದ, ಕಣ್ಣು ಕೆಕ್ಕರಿಸಿದ, ನನ್ನ ಜಾಗದಲ್ಲಿ ಕುಂತಾನ. ಎಲ್ಲ ಕೇಳಿದೆ, ಎಲ್ಲಕ್ಕೂ ಎದ್ದು ಹೋದೆ. ಪಾಠ ಹಿಂದೆ ಬಿತ್ತು. ಒಮ್ಮೊಮ್ಮೆ ಒಂದು ಏಟು ಕೊಟ್ಟು ಮುಗಿಸು ಮಾರಾಯ ಎಂದು ಬಾಯಿಗೆ ಬರುತ್ತಿತ್ತು. ಮುಷ್ಟಿ ಮಾತ್ರ ಕಡಿಮೆಯಾಯಿತು. ಮಗುವಿನ ಸಿಟ್ಟು ಇಳಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಇಂಥ ದಣಿವೇ. ಪುಸ್ತಕಗಳು ಅದನ್ನು ಬರೆಯುವುದಿಲ್ಲ.

ಹೋದ ವರ್ಷ ಒಂದು ಮದುವೆಗೆ ಮಸ್ಕಿಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬಂದು, "ಟೀಚರ್, ನಾ ಸುನೀತಾ ರೀ. ಶರಣಪ್ಪನ ಮಗಳು" ಎಂದಳು.

ಮಗುವಿನ ಹೆಸರು ಕೇಳಿದೆ. ಗಂಡನ ಊರು ಕೇಳಿದೆ, ಗೊರೇಬಾಳ ಎಂದಳು. ಅವತ್ತು ನಿನ್ನನ್ನು ಹಾಗೆ ಅಲುಗಾಡಿಸಬಾರದಿತ್ತವ್ವಾ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಅದನ್ನ ನಾ ಮರತೀನಿ ರೀ. ಮತ್ತೊಂದು ಮರತಿಲ್ಲ. ನೀವು ಹುಲಿಗಿನ್ನ ಕೇಳಿದ್ರಿ, ಅವರವ್ವನ್ನ ಕರೆಸಿದ್ರಿ, ನಮ್ಮಪ್ಪನ ಜೋಡಿ ಮಾತಾಡಿದ್ರಿ. ನನ್ನ ಯಾರೂ ಏನೂ ಕೇಳಲಿಲ್ಲ."

"ಈಗ ಕೇಳ್ತೀನವ್ವಾ. ಏನಾಗಿತ್ತು?"

ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು.

"ನೀವು ನನ್ನ ಲೀಡರ್ ಮಾಡಿದ ಮೊದಲನೇ ದಿನ ನಾ ಅಕಿಗೂ ಗ್ಲಾಸಿನ್ಯಾಗ ಕೊಟ್ಟಿದ್ದೆ ರೀ. ನಾವಿಬ್ರೂ ಗೆಳತ್ಯಾರು, ಕುಂಟಾಪಿಲ್ಲಿ ಆಡತಿದ್ವಿ. ಯಾರೋ ನಮ್ಮಜ್ಜಿಗೆ ಹೇಳಿಬಿಟ್ರು. ಅಜ್ಜಿ ನನ್ನ ಒಳಗ ಕರಕೊಳ್ಳಲಿಲ್ಲ. ಅಂಗಳದಾಗ ನಿಂದ್ರಿಸಿ ತಲಿಮ್ಯಾಲೆ ತಣ್ಣೀರು ಹಾಕಿದ್ಲು. ಮರುದಿನ ಹುಲಿಗಿ ನಗುನಗುತಾ ಬಂದು ಗ್ಲಾಸಿಗೆ ಕೈ ಚಾಚಿದ್ಲು. ನಾ ಕೈ ಹಿಡಿ ಅಂದೆ. ನಾ ಚೇಷ್ಟಿ ಮಾಡಾಕತ್ತೀನಿ ಅಂತ ತಿಳಕೊಂಡು ಅಕಿ ಹಂಗ ನಗಾಕತ್ತಿದ್ಲು ರೀ. ಇನ್ನೊಂದು ಸಲ ಕೈ ಹಿಡಿ ಅಂದೆ. ಆವಾಗ ಕಚ್ಚಿದ್ಲು."

ಸಿಂಧನೂರು, ಸಿಂಧನೂರು ಎಂದು ಕಂಡಕ್ಟರ್ ಕೂಗುತ್ತಿದ್ದ. ಅವಳು ಬ್ಯಾಗು ಎತ್ತಿಕೊಂಡಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂತಿರುಗಿ ಕೇಳಿದಳು:

"ಅಕಿ ಎಲ್ಲಿ ಅದಾಳ್ರಿ ಟೀಚರ್, ಈಗ?"

ದವಾಖಾನೆಯ ಹೆಸರು ಕೂಗಿ ಹೇಳಿದೆ. ಹೊರಟ ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿ ಇನ್ನೊಂದು ಸಲ ಹೇಳಿದೆ.